ಅದೇ ಔಷಧಿ, ಕರಗುವ ಬಗೆ ಬೇರೆ: ನ್ಯಾನೋ ಮಾತ್ರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಾರ್ಮಸಿಸ್ಟ್. ಹೋದ ಮಳೆಗಾಲದಲ್ಲಿ ಒಬ್ಬ ಹಿರಿಯರು ಅಂಗಡಿಗೆ ಬಂದು ಕೌಂಟರ್ ಮೇಲೆ ಎರಡು ಸ್ಟ್ರಿಪ್ ಇಟ್ಟರು. ಒಂದರ ಮೇಲೆ ಫೆನೊಫೈಬ್ರೇಟ್ 160 ಅಂತಿತ್ತು, ಇನ್ನೊಂದರ ಮೇಲೆ 145. ಎರಡೂ ರಕ್ತದಲ್ಲಿನ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ಇಳಿಸುವ ಮಾತ್ರೆ. "ಹೊಸ ಡಾಕ್ಟ್ರು ಪವರ್ ಕಮ್ಮಿ ಮಾಡಿಬಿಟ್ಟಿದಾರೆ. ನನ್ನ ಟ್ರೈಗ್ಲಿಸರೈಡ್ ಇನ್ನೂ ಇಳಿದಿಲ್ಲ. ಅದಕ್ಕೇ ಹಳೇದೊಂದು, ಹೊಸದೊಂದು ಸೇರಿಸಿ ತಗೊಳ್ತಿದೀನಿ" ಅಂದರು. ಎದೆ ಝಲ್ ಅಂತು ನನಗೆ. ಪವರ್ ಕಮ್ಮಿ ಆಗಿರಲೇ ಇಲ್ಲ. ಬದಲಾಗಿದ್ದು ಔಷಧಿಯ ಪುಡಿಯ ಗಾತ್ರ. ಅವರಿಗೆ ಗೊತ್ತಿಲ್ಲದೆ ಡೋಸ್ ಎರಡರಷ್ಟಾಗಿತ್ತು.

ಅವರ ಮೇಲೆ ತಪ್ಪು ಹೊರಿಸೋದು ಹೇಗೆ? 145 ಅನ್ನೋದು 160ಕ್ಕಿಂತ ಚಿಕ್ಕ ಸಂಖ್ಯೆ, ಅಲ್ವಾ? ಸ್ಟ್ರಿಪ್ ಮೇಲಿನ ಮಿ.ಗ್ರಾಂ ಲೆಕ್ಕ ಯಾವಾಗ ನಂಬಬಹುದು, ಯಾವಾಗ ನಂಬಬಾರದು ಅಂತ ಅವರಿಗೆ ಯಾರೂ ಕೂತು ಹೇಳಿರಲಿಲ್ಲ. ಕೌಂಟರ್‌ನಲ್ಲಿ ಜನ ಮತ್ತೆ ಮತ್ತೆ ಕೇಳುವ ಇಂಥ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಸೇರಿಸಿದ್ದೇನೆ.

ನ್ಯಾನೋ ಔಷಧಿ ಅಂದರೆ ಹೊಸ ಔಷಧಿಯಾ?

ಬಾಯಿಂದ ತಗೊಳ್ಳುವ ಔಷಧಿಗಳ ವಿಷಯದಲ್ಲಿ ಬಹುತೇಕ ಅಲ್ಲ. ಔಷಧಿ ಅದೇ, ರೋಗದ ಮೇಲೆ ಅದು ಮಾಡುವ ಕೆಲಸವೂ ಅದೇ. ಅದನ್ನು ತುಂಬಾ ತುಂಬಾ ಸಣ್ಣ ಕಣಗಳಾಗಿ, ಇಲ್ಲವೇ ಸಣ್ಣ ಹನಿಗಳಾಗಿ ಮಾಡಿ ಮಾತ್ರೆಗೆ ತುಂಬಿರುತ್ತಾರೆ.

ಎಷ್ಟು ಸಣ್ಣ? ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ತಲೆಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಒಂದು ಕೆಂಪು ರಕ್ತಕಣ ಸುಮಾರು 7,000. ನ್ಯಾನೋ ಮಾತ್ರೆಯೊಳಗಿನ ಔಷಧಿಯ ಹರಳುಗಳು ಸಾಮಾನ್ಯವಾಗಿ ಕೆಲವು ನೂರು ನ್ಯಾನೋಮೀಟರ್ ಅಷ್ಟೇ ಇರುತ್ತವೆ.

ಸ್ಟ್ರಿಪ್ ಮೇಲೆ ‘ಮೈಕ್ರೊನೈಸ್ಡ್’ ಅಂತ ಇದ್ದರೆ ಅದು ಬೇರೆ. ಅದೂ ನುಣ್ಣನೆ ಪುಡಿಯೇ. ಆದರೆ ಅಲ್ಲಿ ಕಣಗಳು ಸಾವಿರಾರು ನ್ಯಾನೋಮೀಟರ್ ಲೆಕ್ಕದಲ್ಲಿರುತ್ತವೆ.

ನುಂಗಿದ ಮಾತ್ರೆ ಪೂರ್ತಿ ರಕ್ತಕ್ಕೆ ಸೇರೋದಿಲ್ವಾ?

ಇಲ್ಲ. ತುಂಬಾ ಜನ ಇದನ್ನು ಕೇಳಿ ಬೆರಗಾಗುತ್ತಾರೆ. ಮಾತ್ರೆ ಹೊಟ್ಟೆಗೆ ಹೋದ ಮೇಲೆ ಒಡೆಯಬೇಕು. ಒಳಗಿನ ಔಷಧಿ ಕರುಳಿನ ನೀರಿನಲ್ಲಿ ಕರಗಬೇಕು. ಕರಗಿದ್ದು ಕರುಳಿನ ಗೋಡೆಯ ಮೇಲಿರುವ ಲೋಳೆಯನ್ನು ದಾಟಬೇಕು, ಆಮೇಲೆ ಗೋಡೆಯನ್ನು ದಾಟಬೇಕು. ಅಲ್ಲಿ ಕೆಲವು ಔಷಧಿಗಳನ್ನು ವಾಪಸ್ ಕರುಳಿಗೇ ತಳ್ಳುವ ಪಂಪುಗಳಿವೆ. ಅದನ್ನೂ ದಾಟಿದರೆ ಮುಂದೆ ಲಿವರ್. ಅಲ್ಲಿ ಇನ್ನೊಂದಿಷ್ಟು ಒಡೆದುಹೋಗುತ್ತದೆ. ಇಷ್ಟೆಲ್ಲ ಆಗಿ ಉಳಿದದ್ದು ಮೈಗೆಲ್ಲ ಹರಿಯುತ್ತದೆ.

ಜಾಗ ಏನೂ ಕಮ್ಮಿ ಇಲ್ಲ. ನಮ್ಮ ಕರುಳಿನ ಒಳಮೈಯನ್ನು ಬಿಡಿಸಿ ಹಾಸಿದರೆ ಟೆನಿಸ್ ಕೋರ್ಟಿನಷ್ಟಾಗುತ್ತದೆ ಅಂತ ಮೊದಲು ಪಾಠದಲ್ಲಿ ಹೇಳುತ್ತಿದ್ದರು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಸರಿಯಾಗಿ ಅಳೆದು ನೋಡಿ, ಸುಮಾರು 30 ಚದರ ಮೀಟರ್ ಅಂದರು. ಅಂದರೆ ಅರ್ಧ ಬ್ಯಾಡ್ಮಿಂಟನ್ ಕೋರ್ಟಿನ ಹತ್ತಿರ. ಅದೂ ದೊಡ್ಡ ಜಾಗವೇ. ಕೊರತೆ ಇರುವುದು ಸಮಯಕ್ಕೆ. ಸಣ್ಣ ಕರುಳಿನಲ್ಲಿ ಔಷಧಿ ಇರುವುದು ಮೂರು ನಾಲ್ಕು ಗಂಟೆ. ಅಷ್ಟರಲ್ಲಿ ಕರಗದೆ ಇದ್ದರೆ ಮಲದ ಜೊತೆ ಹೊರಗೆ ಹೋಗುತ್ತದೆ. ದುಡ್ಡು ಕೊಟ್ಟ ಔಷಧಿ, ಮೈಗೆ ಹತ್ತಲಿಲ್ಲ.

ಇವತ್ತು ಲ್ಯಾಬ್‌ಗಳಲ್ಲಿ ಹುಟ್ಟುತ್ತಿರುವ ಹೊಸ ಔಷಧಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನೀರಿನಲ್ಲಿ ಸರಿಯಾಗಿ ಕರಗದಂಥವು. ನ್ಯಾನೋ ಕೆಲಸ ಶುರುವಾಗಿದ್ದೇ ಈ ಕಷ್ಟದಿಂದ.

ಸಣ್ಣದು ಮಾಡಿದ ಮಾತ್ರಕ್ಕೆ ಬೇಗ ಕರಗೋದು ಯಾಕೆ?

ಬೆಲ್ಲದ ಅಚ್ಚನ್ನು ಹಾಗೇ ನೀರಿಗೆ ಹಾಕಿ ನೋಡಿ, ಅದೇ ಬೆಲ್ಲವನ್ನು ಕುಟ್ಟಿ ಹಾಕಿ ನೋಡಿ. ಕುಟ್ಟಿದ್ದು ಬೇಗ ಕರಗುತ್ತದೆ. ನೀರು ಮುಟ್ಟುವ ಮೈ ಜಾಸ್ತಿ ಆಯಿತು, ಅಷ್ಟೇ.

ಈಗ ಒಂದು ಲೆಕ್ಕ. ಒಂದು ಮಿಲಿಮೀಟರ್ ಅಳತೆಯ ಚೌಕಾಕಾರದ ಹರಳು ತಗೊಳ್ಳಿ, ದಪ್ಪ ಸಕ್ಕರೆ ಕಾಳಿನಷ್ಟು. ಅದರ ಆರೂ ಮುಖ ಸೇರಿದರೆ 6 ಚದರ ಮಿಲಿಮೀಟರ್. ಅದನ್ನೇ 100 ನ್ಯಾನೋಮೀಟರ್ ತುಂಡುಗಳಾಗಿ ಕತ್ತರಿಸಿದರೆ ಒಂದು ಲಕ್ಷ ಕೋಟಿ ತುಂಡಾಗುತ್ತದೆ. ಎಲ್ಲ ತುಂಡುಗಳ ಮೈ ಕೂಡಿದರೆ 60,000 ಚದರ ಮಿಲಿಮೀಟರ್. ಒಂದು ಎ4 ಹಾಳೆ ಎಷ್ಟು ದೊಡ್ಡದಿದೆಯೋ ಹೆಚ್ಚುಕಮ್ಮಿ ಅಷ್ಟು. ಸಕ್ಕರೆ ಕಾಳಿನಷ್ಟು ಔಷಧಿ ಹಾಳೆಯಷ್ಟು ಅಗಲ ಹರಡಿಕೊಂಡಿತು. ಔಷಧಿಯ ತೂಕ ಒಂದು ಚೂರೂ ಹೆಚ್ಚಲಿಲ್ಲ.

ಮೈ ಜಾಸ್ತಿಯಾದಷ್ಟೂ ಕರಗುವ ವೇಗ ಜಾಸ್ತಿ ಅನ್ನುವುದಕ್ಕೆ ಹಳೆಯ ಸೂತ್ರವೇ ಇದೆ. ಅಮೆರಿಕದ ನಾಯ್ಸ್ ಮತ್ತು ವಿಟ್ನಿ 1897ರಲ್ಲಿ ಕರಗುವ ವೇಗವನ್ನು ಸೂತ್ರಕ್ಕೆ ತಂದರು. ಆಮೇಲೆ ಬಂದವರು ಅದಕ್ಕೆ ಮೈಯ ವಿಸ್ತಾರವನ್ನೂ ಸೇರಿಸಿದರು. ಫಾರ್ಮಸಿ ಓದಿದವರಿಗೆಲ್ಲ ಇದು ಬಾಯಿಪಾಠ. ಅಷ್ಟು ಸಣ್ಣ ಪುಡಿ ಮಾಡುವ ದಾರಿ ಸಿಗುವುದಕ್ಕೆ ಮಾತ್ರ ಹೆಚ್ಚುಕಮ್ಮಿ ನೂರು ವರ್ಷ ಹಿಡಿಯಿತು.

ಅಷ್ಟು ನುಣ್ಣಗೆ ಅರೆಯೋದು ಹೇಗೆ?

ನಮ್ಮ ಮನೆಯ ಗ್ರೈಂಡರ್ ನೆನಪಿಸಿಕೊಳ್ಳಿ. ಇಡ್ಲಿ ಹಿಟ್ಟು ನುಣ್ಣಗೆ ಬರುವುದು ನೀರು ಹಾಕಿ ರುಬ್ಬಿದಾಗ. ಇಲ್ಲೂ ಹಾಗೇ. ಔಷಧಿ, ನೀರು, ಜೊತೆಗೆ ಸಣ್ಣ ಗಟ್ಟಿ ಮಣಿಗಳು. ಇವನ್ನು ಒಂದು ಉಕ್ಕಿನ ಪಾತ್ರೆಯಲ್ಲಿ ಗಂಟೆಗಟ್ಟಲೆ ತಿರುಗಿಸುತ್ತಾರೆ. ಮಣಿಗಳ ಮಧ್ಯೆ ಸಿಕ್ಕಿ ಹರಳು ಒಡೆಯುತ್ತಾ ಹೋಗುತ್ತದೆ.

ಆದರೆ ಅರೆಯುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ರಾಗಿ ಹಿಟ್ಟನ್ನು ಬಿಸಿನೀರಿಗೆ ಸುರಿದರೆ ಏನಾಗುತ್ತದೆ? ಗಂಟು ಕಟ್ಟುತ್ತದೆ. ಹೊರಗೆ ಒದ್ದೆ, ಒಳಗೆ ಒಣ ಹಿಟ್ಟು. ನ್ಯಾನೋ ಕಣಗಳೂ ಹಾಗೇ ಒಂದಕ್ಕೊಂದು ಅಂಟಿಕೊಳ್ಳಲು ಹಾತೊರೆಯುತ್ತವೆ. ಗಂಟು ಕಟ್ಟಿದರೆ ಅರೆದದ್ದೆಲ್ಲ ವ್ಯರ್ಥ. ಅದಕ್ಕೆ ಪ್ರತಿ ಕಣದ ಮೈಗೂ ತೆಳ್ಳನೆ ಲೇಪ ಹಚ್ಚುವ ಪದಾರ್ಥಗಳನ್ನು ಸೇರಿಸುತ್ತಾರೆ. ಪೊವಿಡೋನ್, ಹೈಪ್ರೊಮೆಲೋಸ್ ಇಂಥವು. ಮಾತ್ರೆ ಹೊಟ್ಟೆಯಲ್ಲಿ ಒಡೆದಾಗ ಕಣಗಳು ಬಿಡಿಬಿಡಿಯಾಗಿ ಹರಡಬೇಕು. ಒಂದು ಕಂಪನಿಯ ನ್ಯಾನೋ ಮಾತ್ರೆ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಬಹಳ ಮಟ್ಟಿಗೆ ಈ ಲೇಪದ ಮೇಲೆ ನಿಂತಿದೆ ಅಂತ ನನ್ನ ಅಭಿಪ್ರಾಯ.

ಕಾಲೇಜಿನ ಲ್ಯಾಬಿನಲ್ಲಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಎರಡು ಬೀಕರ್ ನೀರು. ಒಂದಕ್ಕೆ ಕರಗದ ಔಷಧಿಯ ಮಾಮೂಲಿ ಪುಡಿ ಉದುರಿಸಿದೆವು. ಅದು ನೀರಿಗೆ ಇಳಿಯಲೇ ಇಲ್ಲ, ಕೆರೆಯ ಮೇಲಿನ ಧೂಳಿನ ಹಾಗೆ ತೇಲುತ್ತಾ ನಿಂತಿತು. ಕಡ್ಡಿಯಿಂದ ಕಲಕಿದರೆ ಗಾಜಿಗೆ ಅಂಟಿತು. ಇನ್ನೊಂದಕ್ಕೆ ಅದೇ ಔಷಧಿಯ ನ್ಯಾನೋ ಹಿಟ್ಟು ಹಾಕಿದೆವು. ನೀರೆಲ್ಲ ತೆಳ್ಳನೆ ಮಜ್ಜಿಗೆಯ ಹಾಗಾಯಿತು. ಮಧ್ಯಾಹ್ನದವರೆಗೆ ಬಿಟ್ಟರೂ ತಳಕ್ಕೆ ಕೂರಲಿಲ್ಲ.

ಈ ಅರೆಯುವ ವಿಧಾನ ಬಂದ ದಾರಿಯೂ ಸ್ವಾರಸ್ಯವಾಗಿದೆ. ಫೋಟೋ ಫಿಲ್ಮ್ ಮಾಡುತ್ತಿದ್ದ ಕೊಡ್ಯಾಕ್ 1988ರಲ್ಲಿ ಸ್ಟರ್ಲಿಂಗ್ ಅನ್ನುವ ಔಷಧ ಕಂಪನಿಯನ್ನು ಕೊಂಡಿತು. ಅಲ್ಲಿನ ಸಂಶೋಧಕರು ಔಷಧಿಯನ್ನು ಒದ್ದೆಯಾಗಿ ಅರೆದು ನ್ಯಾನೋ ಹರಳು ಮಾಡುವ ವಿಧಾನಕ್ಕೆ 1992ರಲ್ಲಿ ಪೇಟೆಂಟ್ ಪಡೆದರು.

ಮೊದಲು ಮಾರುಕಟ್ಟೆಗೆ ಬಂದದ್ದು ಯಾವುದು?

ಈ ಅರೆಯುವ ವಿಧಾನದಲ್ಲಿ ಮೊದಲು ಬಂದದ್ದು ಸಿರೊಲಿಮಸ್ ಮಾತ್ರೆ. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಡುವ ಔಷಧಿ. ಅಮೆರಿಕದಲ್ಲಿ 2000ದಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮೊದಲು ಸಿರೊಲಿಮಸ್ ಇದ್ದದ್ದು ದ್ರವರೂಪದಲ್ಲಿ ಮಾತ್ರ. ಅದನ್ನು ಫ್ರಿಜ್‌ನಲ್ಲಿ ಇಡಬೇಕು. ಅಳೆದು ನೀರಿಗೋ ಕಿತ್ತಳೆ ರಸಕ್ಕೋ ಬೆರೆಸಿ ಕುಡಿಯಬೇಕು. ಜೀವನಪೂರ್ತಿ ಔಷಧಿ ತಗೊಳ್ಳಬೇಕಾದವರು ಊರಿಂದೂರಿಗೆ ಹೋಗುವಾಗ ಇದನ್ನು ಹೇಗೆ ಒಯ್ಯಬೇಕು? ಮಾತ್ರೆ ಬಂದಾಗ ಆ ಕಷ್ಟ ತಪ್ಪಿತು. ದ್ರವಕ್ಕಿಂತ ಸುಮಾರು 27% ಜಾಸ್ತಿ ರಕ್ತಕ್ಕೂ ಸೇರಿತು.

ಈ ಔಷಧಿಯನ್ನು ತಯಾರಿಸುವ ಸೂಕ್ಷ್ಮಜೀವಿ ಸಿಕ್ಕಿದ್ದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಲ್ಲಿ. ಅದರ ಹಿಂದೆ ಬಿದ್ದು ಕೊನೆಯವರೆಗೂ ಕೈಬಿಡದವರು ಭಾರತ ಮೂಲದ ವಿಜ್ಞಾನಿ ಸುರೇಂದ್ರ ನಾಥ್ ಸೆಹಗಲ್. ಕಂಪನಿ ಕೆಲಸ ನಿಲ್ಲಿಸಿದಾಗ ಆ ಸೂಕ್ಷ್ಮಜೀವಿಯನ್ನು ಮನೆಯ ಫ್ರೀಜರ್‌ನಲ್ಲಿ ಜೋಪಾನ ಮಾಡಿ ಇಟ್ಟಿದ್ದರು. ಇವರ ಹೆಸರು ನಮ್ಮಲ್ಲಿ ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗಬೇಕು.

145 ಮಿ.ಗ್ರಾಂ ಹೇಗೆ 160ಕ್ಕೆ, 200ಕ್ಕೆ ಸಮ ಆಗುತ್ತದೆ?

ಫೆನೊಫೈಬ್ರೇಟ್ ಕಥೆ ಕೇಳಿದರೆ ಎಲ್ಲ ಅರ್ಥವಾಗುತ್ತದೆ. ಇದು ಟ್ರೈಗ್ಲಿಸರೈಡ್ ಇಳಿಸುವ ಔಷಧಿ, 1970ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಬಂತು. ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಮೊದಲು ದಿನಕ್ಕೆ 300 ಮಿ.ಗ್ರಾಂ ಕೊಡಬೇಕಿತ್ತು. ಆಮೇಲೆ ಮೈಕ್ರೊನೈಸ್ ಮಾಡಿದರು, 200 ಸಾಕಾಯಿತು. ತಯಾರಿಯನ್ನು ಇನ್ನಷ್ಟು ಸುಧಾರಿಸಿದರು, 160ಕ್ಕೆ ಬಂತು. 2004ರಲ್ಲಿ ನ್ಯಾನೋ ಹರಳಿನ ಮಾತ್ರೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು, 145ಕ್ಕೆ ಇಳಿಯಿತು.

300, 200, 160, 145. ನಾಲ್ಕರಿಂದಲೂ ರಕ್ತಕ್ಕೆ ಸೇರುವ ಔಷಧಿ ಹೆಚ್ಚುಕಮ್ಮಿ ಒಂದೇ. ಕಮ್ಮಿಯಾದದ್ದು ಮಲದಲ್ಲಿ ಹೋಗುತ್ತಿದ್ದ ಪಾಲು. ನನ್ನ ಅಂಗಡಿಗೆ ಬಂದ ಹಿರಿಯರಿಗೆ ಇದನ್ನೇ ಒಂದು ಚೀಟಿಯ ಮೇಲೆ ಬರೆದು ತೋರಿಸಿದೆ. ಆಗ ಅವರಿಗೆ ಅರ್ಥವಾಯಿತು. ಅವರು ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಮಾತ್ರೆಯನ್ನೂ ತಗೊಳ್ಳುತ್ತಿದ್ದರು. ಸ್ಟ್ಯಾಟಿನ್ ಜೊತೆ ಫೆನೊಫೈಬ್ರೇಟ್ ಡೋಸ್ ಏರಿದರೆ ಸ್ನಾಯುಗಳಿಗೆ ಪೆಟ್ಟು ಬೀಳುವ ಭಯ ಇದೆ. ತೊಡೆ ನೋವು ಅಂತ ಬೇರೆ ಹೇಳಿದರು. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿಸಿದೆ.

ಆದ್ದರಿಂದ ಒಂದು ಮಾತು ದಯವಿಟ್ಟು ನೆನಪಿಟ್ಟುಕೊಳ್ಳಿ. ಒಂದೇ ಹೆಸರಿನ ಔಷಧಿಯಾದರೂ ತಯಾರಿ ಬೇರೆಯಾದರೆ ಮಿ.ಗ್ರಾಂ ಹೋಲಿಸಬೇಡಿ. 160 ಸಿಗಲಿಲ್ಲ ಅಂತ 145ರಲ್ಲಿ ಇನ್ನೊಂದು ಚೂರು ಮುರಿದು ಸೇರಿಸಬೇಡಿ. 200 ಇದೆ ಅಂತ ಮುಕ್ಕಾಲು ಭಾಗ ತಗೊಳ್ಳಬೇಡಿ.

ನ್ಯಾನೋ ಮಾತ್ರೆಯನ್ನು ಊಟ ಆದ ಮೇಲೆ ತಗೊಳ್ಳಬೇಕಾ, ಖಾಲಿ ಹೊಟ್ಟೆಗಾ?

ಜಿಡ್ಡಿನ ಊಟ ಮಾಡಿದಾಗ ಪಿತ್ತರಸ ಕರುಳಿಗೆ ಇಳಿಯುತ್ತದೆ. ಎಣ್ಣೆಸ್ನಾನದ ಜಿಡ್ಡನ್ನು ಸೀಗೆಪುಡಿ ಬಿಡಿಸುವ ಹಾಗೆ ಅದು ಜಿಡ್ಡನ್ನು ಕರಗಿಸುತ್ತದೆ. ನೀರಿನಲ್ಲಿ ಕರಗದ ಔಷಧಿಗಳೂ ಆ ಪಿತ್ತರಸದ ಆಸರೆಯಲ್ಲೇ ಕರಗುತ್ತವೆ. ಅದಕ್ಕೇ ಇಂಥ ಹಳೆಯ ಮಾತ್ರೆಗಳನ್ನು ಊಟದ ಜೊತೆಗೇ ತಗೊಳ್ಳಿ ಅನ್ನುವುದು. ನ್ಯಾನೋ ಮಾಡಿದರೆ ಈ ಆಸರೆ ಬಹಳ ಕಮ್ಮಿ ಸಾಕು. ಫೆನೊಫೈಬ್ರೇಟ್ 145 ಊಟದ ಜೊತೆಗೂ ಆಗುತ್ತದೆ, ಊಟ ಇಲ್ಲದೆಯೂ ಆಗುತ್ತದೆ. ಮೈಕ್ರೊನೈಸ್ಡ್ 200 ಊಟದ ಜೊತೆಗೇ ಆಗಬೇಕು.

ಇದು ಸಣ್ಣ ಅನುಕೂಲದ ಹಾಗೆ ಕಾಣಬಹುದು. ಆದರೆ ಕ್ಯಾನ್ಸರ್ ರೋಗಿಗಳನ್ನು ನೆನೆಸಿಕೊಳ್ಳಿ. ಅಪ್ರೆಪಿಟೆಂಟ್ ಅನ್ನುವುದು ಕೀಮೋಥೆರಪಿಯಿಂದ ಬರುವ ವಾಂತಿ ತಡೆಯುವ ಔಷಧಿ. ಮಾಮೂಲಿ ಪುಡಿಯಾಗಿದ್ದಾಗ ಅದು ಚೆನ್ನಾಗಿ ಹೀರಿಕೊಳ್ಳಲು ಹೊಟ್ಟೆಯಲ್ಲಿ ಊಟ ಇರಬೇಕಿತ್ತು. ಅನ್ನ ನೋಡಿದರೆ ಹೊಟ್ಟೆ ತೊಳಸುವವರಿಗೆ ‘ಊಟ ಮಾಡಿ ಮಾತ್ರೆ ತಗೊಳ್ಳಿ’ ಅಂತ ಹೇಳುವುದು ಹೇಗೆ? ನ್ಯಾನೋ ಹರಳು ಮಾಡಿದ ಮೇಲೆ ಆ ಊಟದ ಹಂಗು ಹೆಚ್ಚುಕಮ್ಮಿ ಹೋಯಿತು. 2003ರಲ್ಲಿ ಕ್ಯಾಪ್ಸೂಲ್ ಬಂತು. ಕೀಮೋಗೆ ಒಂದು ಗಂಟೆ ಮೊದಲು ನುಂಗಿದರೆ ಆಯಿತು.

ಮೆಗೆಸ್ಟ್ರಾಲ್ ಕಥೆಯೂ ಅಂಥದ್ದೇ. ಏಡ್ಸ್‌ನಿಂದ ಹಸಿವೇ ಸತ್ತು ಸೊರಗಿದವರಿಗೆ ಹಸಿವು ಬರಿಸುವ ಔಷಧಿ. ಹಳೆಯದು ಮಂದವಾದ ದ್ರವ, ದಿನಕ್ಕೆ 20 ಎಂಎಲ್ ಕುಡಿಯಬೇಕು, ಹೊಟ್ಟೆಯಲ್ಲಿ ಊಟ ಇಲ್ಲದಿದ್ದರೆ ಸರಿಯಾಗಿ ಹತ್ತುವುದಿಲ್ಲ. 2005ರಲ್ಲಿ ಅಮೆರಿಕದಲ್ಲಿ ಬಂದ ನ್ಯಾನೋ ರೂಪ 5 ಎಂಎಲ್, ಒಂದು ಟೀ ಚಮಚ. ನನ್ನ ಪಾಲಿಗೆ ಈ ತಂತ್ರಜ್ಞಾನದ ದೊಡ್ಡ ಗುಣ ಇದೇ. ಊಟ ಮಾಡಲಾಗದವರಿಗೂ ಔಷಧಿ ಹತ್ತುವ ಹಾಗೆ ಮಾಡಿತು.

ಅರೆಯೋದು ಬಿಟ್ಟು ಬೇರೆ ದಾರಿ ಇಲ್ವಾ?

ಇದೆ. ಬಕೆಟ್ ನೀರಿಗೆ ಒಂದು ಮುಚ್ಚಳ ಡೆಟಾಲ್ ಹಾಕಿದ ಕೂಡಲೇ ನೀರು ಹಾಲಿನ ಹಾಗಾಗುವುದನ್ನು ನೋಡಿದ್ದೀರಲ್ಲ? ಎಣ್ಣೆಯಂಥ ಪದಾರ್ಥ ತಾನಾಗಿಯೇ ಸಣ್ಣ ಹನಿಗಳಾಗಿ ಒಡೆಯುವುದು ಅದು. ಔಷಧಿಯನ್ನು ಎಣ್ಣೆಯಲ್ಲಿ ಕರಗಿಸಿ, ಹೊಟ್ಟೆಯ ನೀರು ಸೋಕಿದಾಗ ತಾನೇ ಹನಿಯೊಡೆಯುವಂತೆ ಮಾಡಿ ಮೆದು ಕ್ಯಾಪ್ಸೂಲಿಗೆ ತುಂಬಬಹುದು.

ಸೈಕ್ಲೋಸ್ಪೋರಿನ್ ಹೀಗೆ ಬದಲಾಯಿತು. ಇದೂ ಅಂಗ ಕಸಿಯವರ ಔಷಧಿ. ಹಳೆಯ ರೂಪ ಸ್ಯಾಂಡಿಮ್ಯೂನ್. ಅದು ಕೆಲವು ಲಿವರ್ ಕಸಿ ರೋಗಿಗಳಲ್ಲಿ 10%ಕ್ಕಿಂತ ಕಮ್ಮಿ ರಕ್ತಕ್ಕೆ ಸೇರುತ್ತಿತ್ತು, ಕೆಲವು ಕಿಡ್ನಿ ಕಸಿ ರೋಗಿಗಳಲ್ಲಿ 89%ವರೆಗೆ. ಕಮ್ಮಿ ಆದರೆ ದೇಹ ಹೊಸ ಅಂಗವನ್ನು ತಿರಸ್ಕರಿಸುತ್ತದೆ. ಜಾಸ್ತಿ ಆದರೆ ಕಿಡ್ನಿಯೇ ಕೆಡುತ್ತದೆ. ಡೋಸ್ ಹೊಂದಿಸುವುದು ಕತ್ತಿಯ ಅಲಗಿನ ಮೇಲಿನ ನಡಿಗೆ. 1990ರ ದಶಕದ ಮಧ್ಯದಲ್ಲಿ ನಿಯೋರಾಲ್ ಬಂತು. ಹೊಟ್ಟೆಯಲ್ಲಿ 100 ನ್ಯಾನೋಮೀಟರ್‌ಗಿಂತ ಸಣ್ಣ ಹನಿಗಳಾಗುವ ರೂಪ. ಪಿತ್ತರಸದ ಮೇಲಿನ ಅವಲಂಬನೆ ಕಮ್ಮಿಯಾಯಿತು, ಏರಿಳಿತವೂ ಕಮ್ಮಿಯಾಯಿತು. ಈ ಎರಡನ್ನೂ ಒಂದರ ಬದಲು ಒಂದು ಕೊಡುವಂತಿಲ್ಲ ಅಂತ ಲೇಬಲ್ ಮೇಲೇ ದಪ್ಪ ಅಕ್ಷರದ ಎಚ್ಚರಿಕೆ ಇದೆ.

ನಮ್ಮ ಕಡೆ ಈಗ ಜಾಸ್ತಿ ಕೇಳಿಬರುವ ಇನ್ನೊಂದು ಹೆಸರು ಸುಬಾ ಇಟ್ರಾಕೊನಜೋಲ್, ಹುಳುಕಡ್ಡಿಗೆ ಕೊಡುವುದು. ಇದನ್ನು ನ್ಯಾನೋ ಅಂತ ಕರೆಯುವುದು ಪೂರ್ತಿ ಸರಿಯಲ್ಲ. ಔಷಧಿಯನ್ನು ಅಣುಮಟ್ಟದಲ್ಲಿ ಒಂದು ಪಾಲಿಮರ್‌ನಲ್ಲಿ ಹರಡಿರುತ್ತಾರೆ. ಆದರೆ ಮಿ.ಗ್ರಾಂ ನೋಡಿ ಜನ ಮಾಡಿಕೊಳ್ಳುವ ಗೊಂದಲ ಇಲ್ಲೂ ಅದೇ. ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಪಡೆದ ಇದರ 65 ಮಿ.ಗ್ರಾಂ ಕ್ಯಾಪ್ಸೂಲ್ ಹಳೆಯ 100ಕ್ಕೆ ಹೆಚ್ಚುಕಮ್ಮಿ ಸಮ. ಇನ್ನೊಂದು ವಿಷಯ. ಹಳೆಯ ಇಟ್ರಾಕೊನಜೋಲ್ ಕರಗಲು ಹೊಟ್ಟೆಯಲ್ಲಿ ಹುಳಿ, ಅಂದರೆ ಆಮ್ಲ ಬೇಕು. ಅದರ ಜೊತೆಗೆ ಗ್ಯಾಸ್ಟ್ರಿಕ್ ಅಂತ ದಿನಾ ಪ್ಯಾಂಟೊಪ್ರಜೋಲ್ ನುಂಗುವವರು ಎಷ್ಟೋ ಜನ. ಔಷಧಿ ಹತ್ತುವುದಿಲ್ಲ, ಹುಳುಕಡ್ಡಿ ಹೋಗುವುದಿಲ್ಲ. ಡಾಕ್ಟರ್ ಹತ್ತಿರ ಈ ಗ್ಯಾಸ್ಟ್ರಿಕ್ ಮಾತ್ರೆಯ ವಿಷಯ ಮುಚ್ಚಿಡಬೇಡಿ.

ಆ ಕಣಗಳು ಹಾಗೇ ರಕ್ತಕ್ಕೆ ನುಗ್ಗಿ ಮೆದುಳಿಗೆ ಸೇರಿಕೊಳ್ಳುತ್ತವಾ?

ಅರೆದು ಮಾಡಿದ ನ್ಯಾನೋ ಮಾತ್ರೆಗಳ ವಿಷಯದಲ್ಲಿ ಈ ಭಯ ಬೇಡ. ಕಣಗಳ ಕೆಲಸ ಕರುಳಿನಲ್ಲೇ ಮುಗಿಯುತ್ತದೆ. ಅವು ಕರಗುತ್ತವೆ, ರಕ್ತಕ್ಕೆ ಹೋಗುವುದು ಕರಗಿದ ಔಷಧಿ, ಹಳೆಯ ಮಾತ್ರೆಯಿಂದ ಹೋಗುತ್ತಿದ್ದಂಥದ್ದೇ. ಕರುಳಿನಲ್ಲಿ ಪೇಯರ್ಸ್ ಪ್ಯಾಚ್ ಅನ್ನುವ ಜಾಗಗಳಿವೆ. ಅಲ್ಲಿಂದ ಇಡೀ ಕಣಗಳು ಒಳಗೆ ಹೋಗಬಲ್ಲವು, ಆದರೆ ಆ ಪಾಲು ತುಂಬಾ ಕಮ್ಮಿ.

ಕರಗದೇ ಉಳಿಯುವ ಕಣಗಳ ಮಾತು ಬೇರೆ. ಮಾತ್ರೆ, ಮಿಠಾಯಿಗಳಿಗೆ ಬಿಳಿ ಬಣ್ಣ ಕೊಡುವ ಟೈಟಾನಿಯಂ ಡಯಾಕ್ಸೈಡ್‌ನಲ್ಲಿ ನ್ಯಾನೋ ಗಾತ್ರದ ಕಣಗಳೂ ಇರುತ್ತವೆ. ಯುರೋಪ್ ಒಕ್ಕೂಟ 2022ರಲ್ಲಿ ಅದನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಔಷಧಿಗಳಲ್ಲಿ ಸದ್ಯಕ್ಕೆ ಬಿಟ್ಟಿದೆ.

2021ರ ಬ್ಲ್ಯಾಕ್ ಫಂಗಸ್ ದಿನಗಳಲ್ಲಿ ಊರೆಲ್ಲ ಹುಡುಕಾಡಿದ ಲೈಪೊಸೋಮಲ್ ಆಂಫೊಟೆರಿಸಿನ್ ನೆನಪಿದೆಯಾ? ಅದೂ ನ್ಯಾನೋ ಔಷಧಿಯೇ. ಆದರೆ ಅದು ನೇರ ರಕ್ತನಾಳಕ್ಕೆ ಹೋಗುವಂಥದ್ದು. ಅದರ ಲೆಕ್ಕ ಪೂರ್ತಿ ಬೇರೆ.

ವಿಟಮಿನ್ ಡಿ ನ್ಯಾನೋ ಶಾಟ್ ಒಳ್ಳೇದಾ?

ವಿಟಮಿನ್ ಡಿ ಎಣ್ಣೆಯಲ್ಲಿ ಕರಗುವಂಥದ್ದು. ಶಾಟ್‌ನಲ್ಲಿ ಅದನ್ನು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಹರಡಿರುತ್ತಾರೆ. ಜಿಡ್ಡು ಜೀರ್ಣವಾಗುವ ತೊಂದರೆ ಇರುವವರಿಗೆ ಇದು ಸಹಾಯ ಮಾಡಬಹುದು. ಮಾಮೂಲಿ ಆರೋಗ್ಯ ಇರುವವರು ಹಳೆಯ ಕ್ಯಾಪ್ಸೂಲನ್ನೇ ಊಟದ ಜೊತೆ ತಗೊಂಡರೂ ನಡೆಯುತ್ತದೆ.

ನನ್ನ ಚಿಂತೆ ಬೇರೆ ಇದೆ. ಆ ಪುಟ್ಟ ಬಾಟಲಿಯಲ್ಲಿ 60,000 ಯೂನಿಟ್ ಇರುತ್ತದೆ. ಅದು ವಾರಕ್ಕೊಂದು, ಅದೂ ಡಾಕ್ಟರ್ ಹೇಳಿದಷ್ಟು ವಾರ. ರುಚಿಯಾಗಿದೆ, ಟಾನಿಕ್ ಥರ ಇದೆ ಅಂತ ದಿನಾ ಒಂದು ಕುಡಿದವರನ್ನು ನೋಡಿದ್ದೇನೆ. ವಿಟಮಿನ್ ಡಿ ಮೈಯಲ್ಲಿ ಉಳಿದುಕೊಳ್ಳುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಮಲಬದ್ಧತೆ, ತೀರದ ಬಾಯಾರಿಕೆ, ಮಂಕು, ಆಮೇಲೆ ಕಿಡ್ನಿಗೆ ತೊಂದರೆ. ಚೆನ್ನಾಗಿ ಹೀರಿಕೊಳ್ಳುವ ರೂಪ ಅಂದಾಗ ಎಚ್ಚರವೂ ಅಷ್ಟೇ ಜಾಸ್ತಿ ಬೇಕು.

ಅರಿಶಿನದ ನ್ಯಾನೋ ಕರ್ಕ್ಯುಮಿನ್ ತಗೊಳ್ಳಲಾ?

ಕರ್ಕ್ಯುಮಿನ್ ಸುಮ್ನೆ ನುಂಗಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಇದರ ಬಗ್ಗೆ ಹೆಸರಾದ ಅಧ್ಯಯನ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದಲೇ 1998ರಲ್ಲಿ ಬಂತು. ಎರಡು ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ 20 ಮಿ.ಗ್ರಾಂ ಪೈಪರೀನ್ ಕೊಟ್ಟಾಗ ಹೀರುವಿಕೆ 20 ಪಟ್ಟು ಹೆಚ್ಚಿತು ಅಂತ ಅವರು ಕಂಡುಕೊಂಡರು. ಅದು ಪುಟ್ಟ ಅಧ್ಯಯನ, ಆದರೂ ಅದರ ಬೆನ್ನಿಗೆ ಜಗತ್ತಿನ ತುಂಬ ಮೆಣಸು ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ಬಂದವು. ಈಗ ನ್ಯಾನೋ ಬಂದಿದೆ.

ಹೀರುವಿಕೆ ಹೆಚ್ಚಿತು, ಸರಿ. ಅದರಿಂದ ರೋಗ ವಾಸಿಯಾಗುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ಬೇಕಾದ ಗಟ್ಟಿ ಪುರಾವೆ ಮಾರುವವರು ಹೇಳುವಷ್ಟು ಇಲ್ಲ. ಇನ್ನೊಂದು ಕಡೆ ಲಿವರ್ ಕೆಟ್ಟ ವರದಿಗಳು ಇಟಲಿಯಿಂದ, ಅಮೆರಿಕದಿಂದ ಬಂದಿವೆ. ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಅರಿಶಿನದ ಕ್ಯಾಪ್ಸೂಲ್‌ಗಳ ಬಗ್ಗೆ, ಅದರಲ್ಲೂ ಹೀರುವಿಕೆ ಹೆಚ್ಚಿಸಿದವುಗಳ ಬಗ್ಗೆ ಎಚ್ಚರಿಸಿತು. ಸಾರಿಗೆ ಹಾಕುವ ಅರಿಶಿನಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಡುಗೆಯಲ್ಲಿ ಧಾರಾಳವಾಗಿ ಬಳಸಿ. ಕ್ಯಾಪ್ಸೂಲ್ ತಗೊಂಡು ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ತಕ್ಷಣ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ.

ಆಯುರ್ವೇದದ ಭಸ್ಮಗಳೂ ನ್ಯಾನೋನೇ ಅಂತಾರಲ್ಲ?

ಸ್ವರ್ಣ ಭಸ್ಮದಂಥವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದವರು ನ್ಯಾನೋ ಗಾತ್ರದ ಕಣಗಳನ್ನು ಕಂಡಿದ್ದಾರೆ, ನಿಜ. ಪುಟ ಕೊಟ್ಟು ಕೊಟ್ಟು ಅಷ್ಟು ನುಣುಪು ತಂದ ಹಿಂದಿನವರ ಕೈಚಳಕಕ್ಕೆ ನನಗೆ ಗೌರವ ಇದೆ. ಆದರೆ ಗಾತ್ರ ಒಂದೇ ಗುಣವನ್ನಾಗಲಿ, ಸುರಕ್ಷತೆಯನ್ನಾಗಲಿ ಹೇಳುವುದಿಲ್ಲ. ಪಾದರಸ, ಸೀಸ ಇರುವ ಭಸ್ಮಗಳನ್ನು ಯಾರೋ ಹೇಳಿದರು ಅಂತ ತಗೊಳ್ಳಬೇಡಿ.

ಇಷ್ಟು ಒಳ್ಳೇದಾದರೆ ಎಲ್ಲ ಮಾತ್ರೆಯನ್ನೂ ಯಾಕೆ ಹೀಗೆ ಮಾಡಲ್ಲ?

ಬೇಕಾಗಿಲ್ಲ ಅದಕ್ಕೆ. ಪ್ಯಾರಸಿಟಮಾಲ್ ತಾನಾಗಿಯೇ ಕರಗುತ್ತದೆ, ಚೆನ್ನಾಗಿ ಹೀರಿಕೊಳ್ಳುತ್ತದೆ. ಮೆಟ್‌ಫಾರ್ಮಿನ್ ನೀರಿಗೆ ಬಿದ್ದರೆ ಉಪ್ಪಿನ ಹಾಗೆ ಕರಗುತ್ತದೆ. ಅದರ ಕಷ್ಟ ಇರುವುದು ಕರುಳಿನ ಗೋಡೆ ದಾಟುವುದರಲ್ಲಿ, ಅರೆದು ಪ್ರಯೋಜನ ಇಲ್ಲ. ಕರಗುವುದೇ ಕಷ್ಟ, ಕರಗಿದರೆ ಸಲೀಸಾಗಿ ಗೋಡೆ ದಾಟುವ ಔಷಧಿಗಳಿಗೆ ಮಾತ್ರ ಈ ದಾರಿ ಹೊಂದುತ್ತದೆ. ಗೋರ್ಡನ್ ಅಮಿಡಾನ್ ಮತ್ತು ಜೊತೆಗಾರರು 1995ರಲ್ಲಿ ಔಷಧಿಗಳನ್ನು ಹೀಗೆ ನಾಲ್ಕು ಗುಂಪು ಮಾಡಿದರು. ಅದರಲ್ಲಿ ಇದು ಎರಡನೇ ಗುಂಪು.

ಇನ್ಸುಲಿನ್ ಮಾತ್ರೆ ಯಾವಾಗ ಬರುತ್ತದೆ?

ದಿನಕ್ಕೆ ಮೂರು ಸಲ ಚುಚ್ಚಿಕೊಳ್ಳುವ ಮಕ್ಕಳ ತಾಯಂದಿರು ಇದನ್ನು ಕೇಳುತ್ತಾರೆ. ಹಾರಿಕೆಯ ಉತ್ತರ ಕೊಡಲು ಮನಸ್ಸು ಬರುವುದಿಲ್ಲ. ಮಾರುಕಟ್ಟೆಯಲ್ಲಿ ಇನ್ಸುಲಿನ್ ಮಾತ್ರೆ ಇನ್ನೂ ಇಲ್ಲ.

ಇನ್ಸುಲಿನ್ ಅಂದರೆ ಪ್ರೋಟೀನು, 51 ಅಮೈನೋ ಆಮ್ಲಗಳ ಸರಪಳಿ. ಹೊಟ್ಟೆಗೆ ಅದು ಬೇಳೆಯ ಪ್ರೋಟೀನಿನ ಹಾಗೇ, ಜೀರ್ಣ ಮಾಡಿಬಿಡುತ್ತದೆ. ಉಳಿದರೂ ಆಸ್ಪಿರಿನ್‌ಗಿಂತ ಮೂವತ್ತು ಪಟ್ಟು ದೊಡ್ಡದು, ಗೋಡೆ ದಾಟುವುದಿಲ್ಲ. ನ್ಯಾನೋ ಕಣದೊಳಗೆ ಇಟ್ಟು ಕಾಪಾಡುವ ಪ್ರಯತ್ನ ದಶಕಗಳಿಂದ ನಡೆದಿದೆ. ಇಲಿಗಳಲ್ಲಿ ಫಲ ಕೊಟ್ಟದ್ದು ಮನುಷ್ಯರಲ್ಲಿ ದಿನದಿಂದ ದಿನಕ್ಕೆ ಒಂದೇ ಸಮನೆ ಬರಲಿಲ್ಲ. ಇನ್ಸುಲಿನ್‌ನಲ್ಲಿ ಆ ಏರಿಳಿತ ಜೀವಕ್ಕೇ ಅಪಾಯ. ಬೆಂಗಳೂರಿನ ಬಯೋಕಾನ್ ಐಎನ್-105 ಅನ್ನುವ ಇನ್ಸುಲಿನ್ ಮಾತ್ರೆಯನ್ನು, ನ್ಯಾನೋ ಅಲ್ಲದ ಬೇರೆ ವಿಧಾನದಲ್ಲಿ, ದೊಡ್ಡ ಪರೀಕ್ಷೆಯವರೆಗೂ ತಂದಿತ್ತು. 2011ರಲ್ಲಿ ಬಂದ ಫಲಿತಾಂಶ ಅಂದುಕೊಂಡ ಮುಖ್ಯ ಗುರಿ ಮುಟ್ಟಲಿಲ್ಲ.

ಇನ್ಸುಲಿನ್ ಅಲ್ಲದಿದ್ದರೂ ಅದೇ ಥರದ ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಸಣ್ಣ ಸರಪಳಿ ಆದ ಸೆಮಾಗ್ಲುಟೈಡ್ ಅನ್ನುವ ಸಕ್ಕರೆ ಕಾಯಿಲೆಯ ಔಷಧಿ 2019ರಲ್ಲಿ ಮಾತ್ರೆಯಾಗಿ ಬಂತು, 2022ರಲ್ಲಿ ಭಾರತಕ್ಕೂ ಬಂತು. ಇದರಲ್ಲಿ ನ್ಯಾನೋ ಕಣ ಇಲ್ಲ. ಹೊಟ್ಟೆಯ ಗೋಡೆಯನ್ನು ಸ್ವಲ್ಪ ಹೊತ್ತು ದಾಟಲು ನೆರವಾಗುವ ಒಂದು ಪದಾರ್ಥ ಇದೆ. ಅಷ್ಟೆಲ್ಲ ಮಾಡಿಯೂ ರಕ್ತಕ್ಕೆ ಸೇರುವುದು ಸುಮಾರು 1% ಅಥವಾ ಅದಕ್ಕೂ ಕಮ್ಮಿ. ಅದಕ್ಕೇ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಅರ್ಧ ಲೋಟ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಕಾಫಿ ಕೂಡ ಕುಡಿಯಬೇಡಿ ಅನ್ನುವುದು.

ಭಾರತದಲ್ಲಿ ಇದಕ್ಕೆ ನಿಯಮ ಇದೆಯಾ?

ಇದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಹಳೆಯ ಔಷಧಿಯನ್ನೇ ಹೊಸ ಬಗೆಯ ವಿತರಣಾ ವಿಧಾನದಲ್ಲಿ ಕೊಟ್ಟರೆ ಅದನ್ನು ಹೊಸ ಔಷಧಿ ಅಂತಲೇ ಪರಿಗಣಿಸಬೇಕು. ಅದೇ ವರ್ಷ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ನ್ಯಾನೋ ಔಷಧಿಗಳನ್ನು ಹೇಗೆ ಪರೀಕ್ಷಿಸಬೇಕು ಅನ್ನುವ ಮಾರ್ಗಸೂಚಿ ಹೊರಡಿಸಿತು. ಆಹಾರ ಪೂರಕ ಅಂತ ಮಾರುವ ‘ನ್ಯಾನೋ’ ಡಬ್ಬಿಗಳು ಈ ದಾರಿಯಲ್ಲಿ ಬರುವುದಿಲ್ಲ. ಆ ವ್ಯತ್ಯಾಸ ಗಮನದಲ್ಲಿರಲಿ.

ಅಜ್ಜಿಗೆ ನುಂಗಲು ಆಗಲ್ಲ, ಪುಡಿ ಮಾಡಿ ಕೊಡಲಾ?

ಕೇಳದೆ ಮಾಡಬೇಡಿ. ಸಿರೊಲಿಮಸ್ ಮಾತ್ರೆಯನ್ನು ಪುಡಿ ಮಾಡುವಂತಿಲ್ಲ, ಅಗಿಯುವಂತಿಲ್ಲ, ಮುರಿಯುವಂತಿಲ್ಲ. ಮೆಗೆಸ್ಟ್ರಾಲ್‌ನಂಥ ದ್ರವ ರೂಪದ ನ್ಯಾನೋ ಔಷಧಿಯಾದರೆ ಬಾಟಲಿ ಚೆನ್ನಾಗಿ ಅಲ್ಲಾಡಿಸಿ ಅಳೆಯಿರಿ. ಫ್ರೀಜರ್‌ನಲ್ಲಿ ಇಡಬೇಡಿ. ಹೆಪ್ಪುಗಟ್ಟಿ ಕರಗಿದರೆ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಅಷ್ಟು ಕಷ್ಟಪಟ್ಟು ಅರೆದದ್ದು ಹಾಳು.

ಗೊತ್ತಿಲ್ಲದೆ ಹಳೇ ಮಾತ್ರೆ, ಹೊಸ ಮಾತ್ರೆ ಎರಡೂ ತಗೊಂಡುಬಿಟ್ಟೆ. ಈಗೇನು ಮಾಡಲಿ?

ಗಾಬರಿ ಬೇಡ. ಎರಡು ಸ್ಟ್ರಿಪ್‌ಗಳನ್ನೂ ಎಸೆಯಬೇಡಿ. ಎಷ್ಟು ದಿನದಿಂದ ತಗೊಂಡಿರಿ, ಜೊತೆಗೆ ಬೇರೆ ಯಾವ ಮಾತ್ರೆ ಇದೆ ಅಂತ ಒಂದು ಚೀಟಿಯಲ್ಲಿ ಬರೆಯಿರಿ. ಮುಂದಿನ ಡೋಸ್‌ಗೆ ಮುಂಚೆ ಡಾಕ್ಟರಿಗೆ ಫೋನ್ ಮಾಡಿ. ಅಂಗ ಕಸಿಯ ಔಷಧಿಯಾದರೆ ಕಾಯಬೇಡಿ, ರಾತ್ರಿಯಾದರೂ ಸರಿ ಕಸಿ ಮಾಡಿದ ಆಸ್ಪತ್ರೆಗೆ ತಿಳಿಸಿ, ತಾವಾಗಿಯೇ ಡೋಸ್ ಬಿಡಬೇಡಿ. ಫೆನೊಫೈಬ್ರೇಟ್ ಆಗಿದ್ದು ಮೈಕೈ ನೋವು, ಸುಸ್ತು, ಕಂದು ಬಣ್ಣದ ಮೂತ್ರ ಕಂಡರೆ ಅದೇ ದಿನ ತೋರಿಸಿ. ಡಾಕ್ಟರ್ ಯಾವುದನ್ನು ಮುಂದುವರಿಸಿ ಅಂದರೋ ಅದನ್ನು ಮನೆಯಲ್ಲಿಡಿ, ಇನ್ನೊಂದನ್ನು ನಿಮ್ಮ ಮೆಡಿಕಲ್ ಶಾಪಿಗೆ ತಂದುಕೊಡಿ.